ಹತ್ತು ಸಾವಿರ ರೂಪಾಯಿ ಮತ್ತು ಒಂದು ಊರಿನ ಆರೋಗ್ಯ

ಚಿತ್ರದುರ್ಗದ ಕಡೆಯ ಒಂದು ಊರು. ಮಳೆಗಾಲದ ಮಧ್ಯಾಹ್ನ. ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಅಂಗನವಾಡಿಯ ಚಾಪೆಯ ಮೇಲೆ ಹದಿನೈದಿಪ್ಪತ್ತು ಜನ ಕೂತಿದ್ದರು. ಊರಿನ ಎರಡು ಮನೆಗಳಲ್ಲಿ ಡೆಂಗಿ ಜ್ವರ ಬಂದಿತ್ತು. ಊರಿನ ಆರೋಗ್ಯ ಸಮಿತಿಯ ಪಾಸ್‌ಬುಕ್ಕಿನಲ್ಲಿ ಹತ್ತು ಸಾವಿರ ರೂಪಾಯಿ ಇತ್ತು. ಅದನ್ನು ಏನು ಮಾಡುವುದು ಎಂಬುದೇ ಅವತ್ತಿನ ಮಾತು. "ಹೊಗೆ ಹೊಡೆಸಿಬಿಡಾಣ" ಎಂದರು ಒಬ್ಬ ಹಿರಿಯರು. "ಚರಂಡಿ ತೆಗೆಸಿದ್ರೆ ಸಾಕು ಬಿಡಿ" ಎಂದರು ಇನ್ನೊಬ್ಬರು. ಬಾಗಿಲ ಪಕ್ಕದಲ್ಲಿ, ಚಾಪೆ ಮುಗಿದ ಮೇಲಿನ ಬರೀ ನೆಲದಲ್ಲಿ ಕೂತಿದ್ದ ಹೆಣ್ಣುಮಗಳೊಬ್ಬರು ಸೆರಗು ಸರಿಮಾಡಿಕೊಂಡು ಕೇಳಿದರು: "ಐದು ದಿನಕ್ಕೊಂದ್ಸಲ ನೀರು ಬಿಟ್ರೆ ಡ್ರಮ್ಮು ತುಂಬಿಡ್ದೆ ಏನ್ ಮಾಡಾಣ ಅಣ್ಣಾ? ಸೊಳ್ಳೆ ಅದ್ರಾಗೇ ಅಲ್ವಾ ಹುಟ್ಟಾದು?"

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆ ಒಂದು ಪ್ರಶ್ನೆ ಸಭೆಯ ದಿಕ್ಕನ್ನೇ ಬದಲಿಸಿತು. ಅದು ಹೇಗೆಂದು ಮುಂದೆ ಹೇಳುತ್ತೇನೆ.

ಮೊದಲು ಆ ಹತ್ತು ಸಾವಿರದ ಮೂಲ. 2005ರ ಏಪ್ರಿಲ್‌ನಲ್ಲಿ ಶುರುವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ನಮಗೆ ಆಶಾ ಕಾರ್ಯಕರ್ತೆಯರನ್ನು ಕೊಟ್ಟಿತು. ಅದರ ಜೊತೆಗೇ ಹಳ್ಳಿಗೊಂದು ಆರೋಗ್ಯ ಸಮಿತಿಯನ್ನೂ, ಆ ಸಮಿತಿಗೆ ವರ್ಷಕ್ಕೆ ಹತ್ತು ಸಾವಿರ ರೂಪಾಯಿವರೆಗಿನ ಮುಕ್ತ ನಿಧಿಯನ್ನೂ ಕೊಟ್ಟಿತು. ಈಗ ಆ ಸಮಿತಿಯ ಪೂರ್ತಿ ಹೆಸರು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ. ಆಶಾ ಯಾರೆಂದು ಕೇಳಿದರೆ ಚಿಕ್ಕ ಮಗುವೂ ಬೆರಳು ತೋರಿಸುತ್ತದೆ. ಸಮಿತಿ ಎಲ್ಲಿದೆ ಎಂದು ಕೇಳಿದರೆ ಊರಿನ ಮುಖಂಡರೂ ತಲೆ ಕೆರೆದುಕೊಳ್ಳುತ್ತಾರೆ. ಇಷ್ಟು ವರ್ಷವಾದರೂ ಈ ಪುಟ್ಟ ಅನುದಾನದ ಸುತ್ತ ತಪ್ಪು ತಿಳಿವಳಿಕೆ ಬೇಕಾದಷ್ಟಿದೆ. ಊರಿನವರಲ್ಲಿ ಮಾತ್ರ ಅಲ್ಲ, ಇಲಾಖೆಯವರಲ್ಲೂ, ನಗರದಲ್ಲಿ ಕೂತು ಹಳ್ಳಿಗೆ ನೆರವು ಕೊಡಬೇಕೆನ್ನುವ ಒಳ್ಳೆಯ ಮನಸ್ಸಿನವರಲ್ಲೂ ಇದೆ.

"ಹತ್ತು ಸಾವಿರದಲ್ಲಿ ಏನಾಗುತ್ತೆ?"

ಈ ಮಾತಿನಲ್ಲಿ ಅರ್ಧ ಸತ್ಯ ಇದೆ. ಆರಂಭದ ನಿಯಮ 1,500 ಜನರವರೆಗಿನ ಹಳ್ಳಿಯನ್ನು ಲೆಕ್ಕಕ್ಕೆ ಹಿಡಿದಿತ್ತು. ಭಾಗಿಸಿ ನೋಡಿದರೆ ತಲೆಗೆ ವರ್ಷಕ್ಕೆ ಆರೂ ಮುಕ್ಕಾಲು ರೂಪಾಯಿಯೂ ಬರುವುದಿಲ್ಲ. 2013ರ ರಾಷ್ಟ್ರೀಯ ಮಾರ್ಗಸೂಚಿಯಲ್ಲೂ ಮೊತ್ತ ಅಷ್ಟೇ ಇತ್ತು. ನಡುವಿನ ಎಂಟು ವರ್ಷದಲ್ಲಿ ಬೆಲೆ ಎಷ್ಟು ಏರಿತೆಂದು ಸಂತೆಗೆ ಹೋಗುವ ಯಾರಿಗೂ ಹೇಳಿಕೊಡಬೇಕಿಲ್ಲ. ಮೊತ್ತ ಹೆಚ್ಚಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ.

ಆದರೆ "ಇಷ್ಟರಲ್ಲಿ ಏನೂ ಆಗದು" ಎಂಬುದು ಸುಳ್ಳು. ನೇಪಾಳದ ಮಕವಾನ್‌ಪುರ ಜಿಲ್ಲೆಯಲ್ಲಿ ನಡೆದದ್ದನ್ನು ನೋಡಿ. ಅಲ್ಲಿನ ಗುಡ್ಡಗಾಡಿನ ಊರುಗಳಲ್ಲಿ ಹೆಂಗಸರು ತಿಂಗಳಿಗೊಮ್ಮೆ ಸೇರುತ್ತಿದ್ದರು. ಸಭೆ ನಡೆಸುತ್ತಿದ್ದವಳು ಡಾಕ್ಟರೂ ಅಲ್ಲ, ನರ್ಸೂ ಅಲ್ಲ, ಅಲ್ಲಿಯವಳೇ ಆದ ಒಬ್ಬ ಹೆಂಗಸು. ಬಸಿರು, ಬಾಣಂತನ, ಹಸುಗೂಸುಗಳ ಸಾವು, ಇವುಗಳಲ್ಲಿ ಏನು ತಪ್ಪುತ್ತಿದೆ, ನಮ್ಮ ಕೈಲಿ ಏನಾದೀತು ಎಂದು ಮಾತಾಡಿಕೊಳ್ಳುತ್ತಿದ್ದರು. ಕೆಲವು ಗುಂಪುಗಳು ತಮ್ಮಲ್ಲೇ ದುಡ್ಡು ಕೂಡಿಸಿ ಹೆರಿಗೆಗೆಂದು ಪುಟ್ಟ ನಿಧಿ ಮಾಡಿಕೊಂಡವು. ಕೆಲವು ಊರುಗಳು ರೋಗಿಯನ್ನು ಹೊತ್ತೊಯ್ಯಲು ಡೋಲಿಯಂಥ ಸ್ಟ್ರೆಚರ್ ಇಟ್ಟುಕೊಂಡವು. ಇನ್ನು ಕೆಲವರು ಹೆರಿಗೆಗೆ ಬೇಕಾದ ಶುಚಿಯಾದ ಸಾಮಾನಿನ ಪೊಟ್ಟಣಗಳನ್ನು ತಾವೇ ಕಟ್ಟಿ ಹಂಚಿದರು. 2004ರಲ್ಲಿ ಫಲಿತಾಂಶ ಪ್ರಕಟವಾಯಿತು. ಹುಟ್ಟಿದ ಮೊದಲ ತಿಂಗಳಲ್ಲಿ ಸಾಯುವ ಕೂಸುಗಳ ಪ್ರಮಾಣ, ಇಂಥ ಗುಂಪುಗಳಿಲ್ಲದ ಕಡೆಗೆ ಹೋಲಿಸಿದರೆ ಸುಮಾರು ಶೇಕಡಾ 30ರಷ್ಟು ಕಡಿಮೆಯಾಗಿತ್ತು.

ನಮ್ಮ ದೇಶದಲ್ಲೇ ಏಕ್‌ಜುಟ್ ಎಂಬ ಸಂಸ್ಥೆ ಜಾರ್ಖಂಡ್ ಮತ್ತು ಒಡಿಶಾದ ಮೂರು ಜಿಲ್ಲೆಗಳ ಆದಿವಾಸಿ ಊರುಗಳಲ್ಲಿ ಇದೇ ಬಗೆಯ ಸಭೆಗಳನ್ನು ನಡೆಸಿತು. ಚಿತ್ರದ ಕಾರ್ಡು, ಆಟ, ಕಥೆ ಇವೇ ಪಾಠದ ಸಾಧನ. 2010ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಮೂರು ವರ್ಷದಲ್ಲಿ ನವಜಾತ ಶಿಶುಮರಣ ಶೇಕಡಾ 32ರಷ್ಟು ಕಡಿಮೆ, ಕೊನೆಯ ಎರಡು ವರ್ಷ ಮಾತ್ರ ತೆಗೆದುಕೊಂಡರೆ ಶೇಕಡಾ 45ರಷ್ಟು ಕಡಿಮೆ. ಯಾರೂ ಎದುರುನೋಡದ ಇನ್ನೊಂದು ಸಂಗತಿಯೂ ಕಂಡಿತು: ಮೂರನೇ ವರ್ಷಕ್ಕೆ ತಾಯಂದಿರಲ್ಲಿ ಮಧ್ಯಮ ಮಟ್ಟದ ಖಿನ್ನತೆ ಶೇಕಡಾ 57ರಷ್ಟು ಇಳಿದಿತ್ತು. ನಾಲ್ಕು ಜನರ ನಡುವೆ ಕೂತು ಕಷ್ಟ ಹೇಳಿಕೊಳ್ಳುವುದು ಎಂಥ ಔಷಧ ಎಂದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಅದು ಅಂಕಿಯಲ್ಲೂ ಕಂಡಾಗ ನಾನು ಆ ಪುಟವನ್ನು ಎರಡು ಸಲ ಓದಿದೆ.

ಇದಕ್ಕೆ ಒಂದು ಎಚ್ಚರಿಕೆಯನ್ನೂ ಸೇರಿಸಬೇಕು. ಬಾಂಗ್ಲಾದೇಶದಲ್ಲಿ ಇದೇ ಪದ್ಧತಿ ಮೊದಲ ಸಲ ಫಲ ಕೊಡಲಿಲ್ಲ. ಅಲ್ಲಿ ಒಂದು ಗುಂಪಿನ ಪಾಲಿಗೆ ಸುಮಾರು 1,400 ಜನ ಬರುತ್ತಿದ್ದರು, ಏಕ್‌ಜುಟ್‌ನಲ್ಲಿ ಸುಮಾರು 470. ಬಸುರಿಯರಲ್ಲಿ ಹೆಚ್ಚಿನವರನ್ನು ಸಭೆ ಮುಟ್ಟಲೇ ಇಲ್ಲ. ಗುಂಪುಗಳನ್ನು ಹೆಚ್ಚು ಮಾಡಿದ ಮೇಲೆ ಅಲ್ಲೂ ಸಾವು ಶೇಕಡಾ 38ರಷ್ಟು ಇಳಿಯಿತು. ನೇಪಾಳ, ಭಾರತ, ಬಾಂಗ್ಲಾದೇಶ, ಮಲಾವಿಯ ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ತೂಗಿದ 2013ರ ಅಧ್ಯಯನ ಒಂದು ಮಿತಿಯನ್ನು ಗುರುತಿಸಿತು: ಊರಿನ ಬಸುರಿಯರಲ್ಲಿ ನೂರಕ್ಕೆ ಮೂವತ್ತು ಮಂದಿಯಾದರೂ ಸಭೆಗೆ ಬರುತ್ತಿದ್ದ ಕಡೆಯಲ್ಲೇ ಫಲ ದೊಡ್ಡದಾಗಿ ಕಂಡದ್ದು. ಆದ್ದರಿಂದ ಹತ್ತು ಸಾವಿರ ಸಾಕೇ ಎಂದು ಕೇಳುವ ಮೊದಲು, ಆ ಹತ್ತು ಸಾವಿರದ ಬಗ್ಗೆ ತೀರ್ಮಾನ ಮಾಡಲು ಯಾರು ಕೂತಿದ್ದರು, ಎಷ್ಟು ಸಲ ಕೂತಿದ್ದರು ಎಂದು ಕೇಳಬೇಕು. ದುಡ್ಡು ಜನರನ್ನು ಕೂರಿಸುವ ನೆಪ. ಕೂತದ್ದರಿಂದ ಆಗುವ ಕೆಲಸ ದುಡ್ಡಿಗಿಂತ ದೊಡ್ಡದು.

"ಅದು ಆಶಾ ಅಕ್ಕನ ದುಡ್ಡು"

ಊರಿನ ಅರಳಿಕಟ್ಟೆಯಲ್ಲಿ ಈ ಮಾತು ಎಷ್ಟು ಸಲೀಸಾಗಿ ಓಡಾಡುತ್ತದೆ ಎಂದರೆ ಕೇಳಿದರೆ ಸಂಕಟವಾಗುತ್ತದೆ. "ಹತ್ತು ಸಾವಿರ ಬಂದೈತಂತೆ, ಆಶಾ ತಗಂಡವ್ಳೆ."

ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಆಶಾ ಈ ಸಮಿತಿಯ ಸದಸ್ಯ ಕಾರ್ಯದರ್ಶಿ. ಅಧ್ಯಕ್ಷತೆ ಗ್ರಾಮ ಪಂಚಾಯಿತಿಯ ಚುನಾಯಿತ ಸದಸ್ಯರದು, ಅದರಲ್ಲೂ ಮಹಿಳೆಯಾದರೆ ಒಳ್ಳೆಯದು ಎನ್ನುತ್ತದೆ ಆ ಮಾರ್ಗಸೂಚಿ. ಖಾತೆ ಇಬ್ಬರ ಹೆಸರಲ್ಲಿ ಜಂಟಿ. ಇಬ್ಬರ ಸಹಿ ಇಲ್ಲದೆ ಒಂದು ರೂಪಾಯಿ ಹೊರಬರುವುದಿಲ್ಲ. ಸಮಿತಿಯಲ್ಲಿ ಕನಿಷ್ಠ ಹದಿನೈದು ಜನ ಇರಬೇಕು, ಅರ್ಧದಷ್ಟಾದರೂ ಹೆಂಗಸರಿರಬೇಕು, ಊರಿಗೆ ಸೇರಿದ ಹಟ್ಟಿ, ತಾಂಡಾ, ಕೇರಿಗಳಿಂದೆಲ್ಲ ಒಬ್ಬೊಬ್ಬರಾದರೂ ಇರಬೇಕು. ಇದು ಪಂಚಾಯಿತಿಯ ಅಂಗ, ಆಸ್ಪತ್ರೆಯ ಬಾಲ ಅಲ್ಲ.

ಉಳಿದ ಹದಿನಾಲ್ಕು ಜನ ಸಭೆಗೆ ಬಾರದೆ ಹೋದಾಗ ಬಿಲ್ಲು ತರುವುದು, ಪುಸ್ತಕ ಬರೆಯುವುದು, ಅಧ್ಯಕ್ಷರ ಸಹಿಗೆ ಮೂರು ಸಲ ಅಲೆಯುವುದು, ಕೊನೆಗೆ "ಕದ್ದಳು" ಎನ್ನಿಸಿಕೊಳ್ಳುವುದು ಎಲ್ಲವೂ ಆಶಾಳ ಪಾಲಿಗೇ ಬರುತ್ತದೆ. ಅವಳಿಗೆ ತಿಂಗಳ ಸಂಬಳ ಎಂಬುದಿಲ್ಲ, ಗೌರವಧನ ಮತ್ತು ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ ಅಷ್ಟೇ. ಹೆರಿಗೆಯಾದ ಮನೆಗೆ 3, 7, 14, 21, 28, 42ನೇ ದಿನ ಹೋಗಿ ಕೂಸಿನ ತೂಕ ನೋಡುವವಳು ಅವಳೇ. ಅವಳ ಮೇಲೆ ಅನುಮಾನ ಬಂದವರು ಮಾಡಬೇಕಾದ್ದು ಸುಲಭ: ತಿಂಗಳ ಸಭೆಗೆ ಹೋಗಿ, ನಡಾವಳಿ ಪುಸ್ತಕ ತೆರೆದು, ಓದಿ ಹೇಳಲು ಕೇಳಬೇಕು.

"ಮುಕ್ತ ನಿಧಿ ಎಂದರೆ ಹೇಗೆ ಬೇಕಾದರೂ ಖರ್ಚು ಮಾಡಬಹುದು" ಮತ್ತು "ಮೇಲಿನಿಂದ ಆದೇಶ ಬಂದ ಮೇಲೇ ಖರ್ಚು ಮಾಡಬೇಕು"

ಇವೆರಡೂ ಒಂದಕ್ಕೊಂದು ವಿರುದ್ಧದ ಮಾತು. ಆದರೂ ಎರಡನ್ನೂ ಒಂದೇ ಊರಿನಲ್ಲಿ ಕೇಳಿದ್ದೇನೆ.

ಮುಕ್ತ ಎಂದರೆ ಶೀರ್ಷಿಕೆಯಿಂದ ಮುಕ್ತ. ಇಷ್ಟು ಗೋಡೆಬರಹಕ್ಕೆ, ಇಷ್ಟು ಬ್ಯಾನರಿಗೆ ಎಂದು ಮೇಲಿನವರು ಮೊದಲೇ ಹಂಚಿಟ್ಟಿರುವುದಿಲ್ಲ. ಹಂಚುವ ಅಧಿಕಾರ ಸಮಿತಿಯ ಸಭೆಗೆ ಇದೆ. ವಿಶೇಷ ಸಂದರ್ಭದಲ್ಲಿ ಜಿಲ್ಲೆಯವರು ಇಂಥದಕ್ಕೆ ಬಳಸಿ ಎಂದು ಸೂಚಿಸಬಹುದು, ಆದರೆ ಅದಕ್ಕೂ ಸಮಿತಿಯ ಒಪ್ಪಿಗೆ ಬೇಕು ಎಂದು ಮಾರ್ಗಸೂಚಿಯೇ ಹೇಳುತ್ತದೆ. ಎಲ್ಲ ಊರಿಗೂ ಒಂದೇ ಅಂಗಡಿಯಿಂದ ಒಂದೇ ಬಗೆಯ ಫಲಕ ಬರೆಸಿ, ಬಿಲ್ಲನ್ನು ಸಮಿತಿಗಳಿಗೆ ಕಳಿಸಿದ ಪ್ರಸಂಗ ನನಗೆ ಗೊತ್ತಿದೆ. ಊರಿನವರು ಪ್ರಶ್ನಿಸಬಹುದಿತ್ತು. ಪ್ರಶ್ನಿಸಬಹುದೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಕಟ್ಟುಪಾಡುಗಳೂ ಇವೆ. ಒಂದು ಮನೆಗಲ್ಲ, ಹಲವರಿಗೆ ಉಪಯೋಗವಾಗುವ ಕೆಲಸವಾಗಿರಬೇಕು. ದಿಕ್ಕಿಲ್ಲದ ಹೆಣ್ಣುಮಗಳು, ತೀರಾ ಬಡ ಕುಟುಂಬ ಎಂಬ ಸಂದರ್ಭಕ್ಕೆ ವಿನಾಯಿತಿ ಇದೆ. ಈ ವಿನಾಯಿತಿ ಬರೆದವರ ಮನಸ್ಸಿಗೆ ನನ್ನ ನಮಸ್ಕಾರ. ಇನ್ನೊಂದು, ಪಂಚಾಯಿತಿಯಿಂದಲೋ ಬೇರೆ ಇಲಾಖೆಯಿಂದಲೋ ದುಡ್ಡು ಇರುವ ಕೆಲಸಕ್ಕೆ ಇದನ್ನು ಸುರಿಯಬಾರದು. ನೀರು ಪರೀಕ್ಷಿಸುವ ಕಿಟ್ಟನ್ನೇ ತೆಗೆದುಕೊಳ್ಳಿ. ಜಲಜೀವನ್ ಮಿಷನ್ನಿನಲ್ಲಿ ಹಳ್ಳಿಗೆ ಐದು ಜನ ಹೆಂಗಸರಿಗೆ ಕಿಟ್ ಬಳಸುವ ತರಬೇತಿ ಕೊಡುವ ಏರ್ಪಾಡಿದೆ. ಅದು ನಮ್ಮೂರಿಗೆ ಬಂದಿದೆಯೇ, ಬಂದ ಕಿಟ್ಟು ಯಾರ ಬೀರುವಿನಲ್ಲಿದೆ ಎಂದು ಮೊದಲು ವಿಚಾರಿಸಬೇಕು.

"ಸೊಳ್ಳೆ ಬಂತೆಂದರೆ ಹೊಗೆ, ಕಾಯಿಲೆ ಬಂತೆಂದರೆ ಶಿಬಿರ"

ಈಗ ಆ ಅಂಗನವಾಡಿಯ ಚಾಪೆಗೆ ವಾಪಸು ಬರೋಣ.

ಹೊಗೆ ಹೊಡೆಸುವುದು ಎಲ್ಲರ ಕಣ್ಣಿಗೂ ಕಾಣುವ ಕೆಲಸ. ಗಾಡಿ ಬರುತ್ತದೆ, ಸದ್ದಾಗುತ್ತದೆ, ಮಕ್ಕಳು ಹಿಂದೆ ಓಡುತ್ತಾರೆ. ಆ ಹೊಗೆ ಸಾಯಿಸುವುದು ಆ ಹೊತ್ತಿಗೆ ಹಾರಾಡುತ್ತಿರುವ ಸೊಳ್ಳೆಗಳನ್ನು ಮಾತ್ರ. ನೀರಿನೊಳಗಿನ ಮರಿಹುಳುಗಳಿಗೆ ಏನೂ ಆಗುವುದಿಲ್ಲ. ಮೊಟ್ಟೆ ಸೊಳ್ಳೆಯಾಗಲು ಬೇಕಾದ್ದು ಒಂದು ವಾರದಿಂದ ಹತ್ತು ದಿನ. ಸೋಮವಾರ ಹೊಗೆ ಹೊಡೆಸಿದರೆ ಮುಂದಿನ ವಾರ ಹೊಸ ಸಂಸಾರ ಸಿದ್ಧ.

ಚರಂಡಿಯ ಮಾತೂ ಅಷ್ಟೇ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಕೊಚ್ಚೆ ಹಿಡಿಸುವುದಿಲ್ಲ. ಅದಕ್ಕೆ ತಿಳಿನೀರು ಬೇಕು: ಡ್ರಮ್ಮು, ಸಿಮೆಂಟ್ ತೊಟ್ಟಿ, ಹಿತ್ತಲಲ್ಲಿ ಬಿದ್ದ ಟೈರು, ಒಡೆದ ಒರಳು, ದನಕ್ಕಿಟ್ಟ ಕಲಗಚ್ಚಿನ ಬಾನಿಯ ಪಕ್ಕದ ತೆಂಗಿನ ಚಿಪ್ಪು. ಚರಂಡಿ ತೆಗೆಸುವುದು ವ್ಯರ್ಥ ಎಂದಲ್ಲ. ಕೊಚ್ಚೆಯಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ ಆನೆಕಾಲು ರೋಗ ಹರಡುತ್ತದೆ. ಕಲಬುರಗಿ, ಬೀದರ್ ಕಡೆಯವರಿಗೆ ಆ ಕಷ್ಟ ಚೆನ್ನಾಗಿ ಗೊತ್ತು. ಆದರೆ ಊರಲ್ಲಿ ಬಂದಿರುವುದು ಯಾವ ಕಾಯಿಲೆ ಎಂದು ನೋಡಿ ದುಡ್ಡು ಹಾಕಬೇಕು.

ಈಡಿಸ್‌ನ ಇನ್ನೊಂದು ಗುಣ ಹೆಚ್ಚಿನವರಿಗೆ ತಿಳಿಯದು. ಅದು ಮೊಟ್ಟೆ ಇಡುವುದು ನೀರಿನ ಮೇಲಲ್ಲ, ನೀರಿನ ಮಟ್ಟಕ್ಕೆ ತುಸು ಮೇಲೆ, ಪಾತ್ರೆಯ ಗೋಡೆಗೆ ಅಂಟಿಸಿ. ನೀರು ಚೆಲ್ಲಿದರೂ ಆ ಮೊಟ್ಟೆ ಒಣಗಿಕೊಂಡೇ ತಿಂಗಳುಗಟ್ಟಲೆ ಕಾಯುತ್ತದೆ, ಮತ್ತೆ ನೀರು ತಾಗಿದಾಗ ಮರಿಯಾಗುತ್ತದೆ. ಅದಕ್ಕೇ ವಾರಕ್ಕೊಮ್ಮೆ ನೀರು ಖಾಲಿ ಮಾಡಿದರೆ ಸಾಲದು, ಒಳಗೋಡೆಯನ್ನು ಗಸಗಸ ತಿಕ್ಕಬೇಕು. ಆ ಸಭೆಗೆ ಬಂದಿದ್ದ ನರ್ಸಮ್ಮ ಇದನ್ನು ಹೇಳಿದಾಗ ಎಲ್ಲರೂ ಒಂದು ಕ್ಷಣ ತಮ್ಮ ತಮ್ಮ ಮನೆಯ ಡ್ರಮ್ಮನ್ನು ನೆನೆಸಿಕೊಂಡಂತೆ ಕಂಡಿತು. ಹೊಗೆಯ ಮಾತು ಅಲ್ಲಿಗೇ ನಿಂತಿತು. ಡ್ರಮ್ಮಿನ ಬಾಯಿಗೆ ಕಟ್ಟಲು ಬಲೆ, ಉದ್ದ ಹಿಡಿಯ ಬ್ರಷ್ಷು, ಇಷ್ಟಕ್ಕೆ ಠರಾವಾಯಿತು. ಬಲೆ ಸಾಲದ ಮನೆಯವರು ಹಳೆ ಸೀರೆ ಮಡಿಸಿ ಕಟ್ಟುತ್ತೇವೆ ಎಂದರು. ಶುಕ್ರವಾರ ಎಲ್ಲ ಮನೆಯಲ್ಲೂ ತೊಟ್ಟಿ ತಿಕ್ಕುವ ದಿನ ಎಂದಾಯಿತು. ಶುಕ್ರವಾರವೇ ಯಾಕೆಂದರೆ ಮನೆ ಸಾರಿಸಿ ತೊಳೆಯುವ ದಿನ ಹೇಗೂ ಅದೇ.

ಕುಡಿಯುವ ನೀರಿನದೂ ಇದೇ ಬಗೆ. ವಾಂತಿಭೇದಿ ಶುರುವಾದ ಮೇಲೆ ಶಿಬಿರ ಮಾಡಿ ಮಾತ್ರೆ ಹಂಚುವುದಕ್ಕಿಂತ ಮೊದಲೇ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಬೀಳುತ್ತಿದೆಯೇ ನೋಡುವುದು ಮೇಲು. ಒಳ್ಳೆಯ ಪುಡಿಯಾದರೆ ಸಾವಿರ ಲೀಟರಿಗೆ ಎರಡೂವರೆ ಗ್ರಾಮ್ ಸಾಕು. ಹತ್ತು ಸಾವಿರ ಲೀಟರ್ ಟ್ಯಾಂಕಿಗೆ ಇಪ್ಪತ್ತೈದು ಗ್ರಾಮ್, ಒಂದು ಹಿಡಿಯೂ ಅಲ್ಲ. ಹಾಕಿ ಒಂದು ಗಂಟೆಯಾದರೂ ಬಿಟ್ಟು ಆಮೇಲೆ ನಲ್ಲಿ ಬಿಡಬೇಕು. ಪುಡಿಯ ಚೀಲವನ್ನು ಪಂಪ್‌ಹೌಸಿನಲ್ಲಿ ಬಾಯಿ ತೆರೆದಿಟ್ಟರೆ ಅದರ ಶಕ್ತಿ ಹಾರಿಹೋಗಿ ಬರೀ ಸುಣ್ಣ ಉಳಿಯುತ್ತದೆ. ಊರ ಕೊನೆಯ ನಲ್ಲಿಯ ನೀರಿಗೆ ಕ್ಲೋರಿನ್ ಪರೀಕ್ಷಿಸುವ ಓಟಿ ದ್ರಾವಣದ ಹನಿ ಹಾಕಿದರೆ ಹಳದಿ ಬಣ್ಣ ಬರಬೇಕು. ಬಾರದಿದ್ದರೆ ಕ್ಲೋರಿನ್ ಅಲ್ಲಿಯವರೆಗೆ ತಲುಪಿಲ್ಲ. ಇದನ್ನು ನೋಡಲು ಡಾಕ್ಟರು ಬೇಕಿಲ್ಲ. ನೀರುಗಂಟಿ ಮತ್ತು ಏಳನೇ ತರಗತಿಯ ಇಬ್ಬರು ಹುಡುಗಿಯರು ಸಾಕು.

ಶಿಬಿರಗಳ ಬಗ್ಗೆ ನನ್ನ ಅಭಿಪ್ರಾಯ ಕಟುವಾಗಿಯೇ ಇದೆ. ಒಂದು ದಿನ ಶಾಮಿಯಾನ, ಒಂದು ದಿನ ಬಿಪಿ ನೋಡುವುದು, ಒಂದು ದಿನದ ಫೋಟೋ. ರಕ್ತದೊತ್ತಡ ಜಾಸ್ತಿ ಎಂದು ಗೊತ್ತಾದ ಅಜ್ಜನಿಗೆ ಮುಂದಿನ ತಿಂಗಳ ಮಾತ್ರೆ ಯಾರು ಕೊಡುತ್ತಾರೆ? ಅದಕ್ಕೆ ಉತ್ತರ ಇಲ್ಲದಿದ್ದರೆ ಆ ಶಿಬಿರ ಅಜ್ಜನಿಗೆ ಕೊಟ್ಟದ್ದು ಹೆದರಿಕೆ ಮಾತ್ರ.

"ಉಳಿಸಿ ಉಳಿಸಿ ದೊಡ್ಡ ಕೆಲಸ ಮಾಡೋಣ"

ಮನೆಯ ದುಡ್ಡಿಗೆ ಸಲ್ಲುವ ಜಾಣತನ ಇಲ್ಲಿ ಸಲ್ಲುವುದಿಲ್ಲ. ಈ ನಿಧಿ ಬರುವುದು ಭರ್ತಿ ಮಾಡುವ ಲೆಕ್ಕದಲ್ಲಿ. ಹಿಂದಿನ ವರ್ಷ ಖರ್ಚಾದಷ್ಟೇ ಮತ್ತೆ ತುಂಬುತ್ತದೆ. ಏಳು ಸಾವಿರ ಹಾಗೇ ಉಳಿಸಿದವರಿಗೆ ಮುಂದಿನ ಸಲ ಬರುವುದು ಮೂರು ಸಾವಿರ. ಬಳಕೆ ಪ್ರಮಾಣಪತ್ರ ಕೊಡದಿದ್ದರೆ ಅದೂ ತಡವಾಗುತ್ತದೆ. ಎಷ್ಟೋ ಸಮಿತಿಗಳಿಗೆ ದುಡ್ಡು ತಲುಪುವುದೇ ವರ್ಷ ಕಳೆಯುವ ಹೊತ್ತಿಗೆ, ಆಮೇಲೆ ಮಾರ್ಚ್ ಮೂವತ್ತೊಂದರೊಳಗೆ ಮುಗಿಸಿ ಎಂಬ ಒತ್ತಡ. ಆ ಅವಸರದಲ್ಲಿ ಕೊಂಡ ಕಸದ ಬುಟ್ಟಿ, ಕುರ್ಚಿಗಳನ್ನು ಎಷ್ಟೋ ಅಂಗನವಾಡಿಗಳ ಮೂಲೆಯಲ್ಲಿ ನೋಡಿದ್ದೇನೆ. ಏಪ್ರಿಲ್‌ನಲ್ಲೇ ಊರಿನ ಆರೋಗ್ಯದ ಪಟ್ಟಿ ಮಾಡಿಟ್ಟುಕೊಂಡ ಸಮಿತಿ, ದುಡ್ಡು ಫೆಬ್ರವರಿಯಲ್ಲಿ ಬಂದರೂ ಕಂಗೆಡುವುದಿಲ್ಲ.

"ಹಳ್ಳಿಯವರಿಗೆ ಲೆಕ್ಕ ಬರೆಯಲು ಬಾರದು"

ಹಾಲಿನ ಡೇರಿಯಲ್ಲಿ ದಿನಕ್ಕೆ ಎರಡು ಸಲ ಲೀಟರು, ಫ್ಯಾಟು, ರೂಪಾಯಿ ಬರೆದು, ತಪ್ಪಿದರೆ ಅಲ್ಲೇ ಜಗಳವಾಡಿ ಸರಿಮಾಡಿಸಿಕೊಳ್ಳುವ ಜನ ಇವರು. ಸ್ತ್ರೀಶಕ್ತಿ ಸಂಘದಲ್ಲಿ ವಾರಕ್ಕೆ ಹತ್ತು ರೂಪಾಯಿಯಿಂದ ಶುರುಮಾಡಿ ಸಾಲ, ಬಡ್ಡಿ, ಕಂತು ಎಲ್ಲ ಬಾಯಲ್ಲೇ ಹೇಳುವ ಹೆಂಗಸರು. ಈ ಆಕ್ಷೇಪಕ್ಕೆ ಇನ್ನು ಹೆಚ್ಚಿನ ಉತ್ತರ ಬೇಕಿಲ್ಲ. ಖರ್ಚಿನ ಹಾಳೆಯನ್ನು ಅಂಗನವಾಡಿಯ ಗೋಡೆಗೆ ಅಂಟಿಸಿ, ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಓದಿದರೆ ಸಾಕು.

"ಊರಿನವರೆಲ್ಲ ಸೇರಿ ತೀರ್ಮಾನ ಮಾಡಿದ್ದಾರೆ"

ಇದು ಎಲ್ಲಕ್ಕಿಂತ ಅಪಾಯದ ಕಲ್ಪನೆ, ಯಾಕೆಂದರೆ ಕೇಳಲು ಬಹಳ ಚೆನ್ನಾಗಿದೆ. ಊರು ಎಂಬುದು ಒಂದೇ ದನಿಯಲ್ಲಿ ಮಾತಾಡುವುದಿಲ್ಲ. ಸಭೆ ದೇವಸ್ಥಾನದ ಜಗಲಿಯಲ್ಲಿ ನಡೆದರೆ ಕೇರಿಯವರು ದೂರದಲ್ಲಿ ನಿಲ್ಲುತ್ತಾರೆ, ಇಲ್ಲವೇ ಬರುವುದೇ ಇಲ್ಲ. ಬೆಳಗ್ಗೆ ಹನ್ನೊಂದಕ್ಕೆ ಕರೆದರೆ ಕೂಲಿಗೆ ಹೋದವರಿಲ್ಲ. ಕಾಫಿ ತೋಟಕ್ಕೋ ಕಬ್ಬು ಕಡಿಯಲಿಕ್ಕೋ ಗುಳೆ ಹೋದ ತಾಂಡಾದ ಸಂಸಾರಗಳು ಆರು ತಿಂಗಳು ಊರಲ್ಲೇ ಇರುವುದಿಲ್ಲ. ಅವರ ಮಕ್ಕಳ ತೋಳಿನ ಸುತ್ತಳತೆ ಯಾವ ಪುಸ್ತಕಕ್ಕೂ ಏರುವುದಿಲ್ಲ. ಆದರೆ ಅಪೌಷ್ಟಿಕತೆ ಇದ್ದರೆ ಅಲ್ಲೇ ಹೆಚ್ಚಾಗಿರುತ್ತದೆ.

ಮಹಾರಾಷ್ಟ್ರದ ಜಾಮಖೇಡಿನಲ್ಲಿ 1970ರಲ್ಲಿ ಕೆಲಸ ಶುರುಮಾಡಿದ ಡಾ. ರಜನಿಕಾಂತ ಆರೋಳೆ ಮತ್ತು ಡಾ. ಮೇಬಲ್ ಆರೋಳೆ ದಂಪತಿ ಇದನ್ನು ಮೊದಲೇ ಅರಿತಿದ್ದರು. ಊರಿನ ಆರೋಗ್ಯ ಕಾರ್ಯಕರ್ತೆಯರಾಗಿ ಅವರು ತಯಾರು ಮಾಡಿದವರಲ್ಲಿ ದಲಿತ ಹೆಂಗಸರು, ಅಕ್ಷರ ಬಾರದವರು ಬಹಳ ಮಂದಿ. ತರಬೇತಿಯಲ್ಲಿ ಎಲ್ಲ ಜಾತಿಯವರೂ ಒಟ್ಟಿಗೆ ಉಂಡರು. ಕೊಳವೆಬಾವಿಗಳನ್ನು ದಲಿತರ ಕೇರಿಯಲ್ಲಿ ಕೊರೆಸಿದರು, ನೀರು ಬೇಕಾದವರು ಅಲ್ಲಿಗೇ ಬರಬೇಕಾಯಿತು. ಆರೋಗ್ಯ ಎಂದರೆ ಏನೆಂದು ಇದಕ್ಕಿಂತ ನೇರವಾಗಿ ಹೇಳುವುದು ನನಗೆ ಗೊತ್ತಿಲ್ಲ. ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದಲ್ಲೂ ಸೋಲಿಗರ ಹುಡುಗಿಯರೇ ಆರೋಗ್ಯ ಸಹಾಯಕಿಯರಾಗಿ ತಮ್ಮ ಪೋಡುಗಳಿಗೆ ಹೋದರು.

ಸಮಿತಿಗೆ ಇದರಿಂದ ಸಿಗುವ ಪಾಠ ಸರಳ. ಒಂದು ತಿಂಗಳ ಸಭೆ ಊರ ನಡುವೆ ಆದರೆ ಮುಂದಿನ ತಿಂಗಳದು ಕೇರಿಯಲ್ಲಿ, ಅದರ ಮುಂದಿನದು ತಾಂಡಾದಲ್ಲಿ ಆಗಲಿ. ಸಂಜೆ ಕೂಲಿ ಮುಗಿಸಿ ಬಂದ ಮೇಲೆ ಆಗಲಿ. ಡ್ರಮ್ಮಿನ ಪ್ರಶ್ನೆ ಕೇಳಿದ ಆ ಹೆಣ್ಣುಮಗಳಿಗೆ ಚಾಪೆಯ ಮೇಲೆ ಜಾಗ ಇರಲಿಲ್ಲ ಎಂಬುದನ್ನು ನಾನು ಮರೆತಿಲ್ಲ. ಅವತ್ತಿನ ಸಭೆಯಲ್ಲಿ ಎಲ್ಲರಿಗಿಂತ ಬೆಲೆಬಾಳುವ ಮಾತು ಆಡಿದವರು ಅವರೇ.

"ಜನರೇ ಮಾಡಿಕೊಳ್ಳುತ್ತಾರಲ್ಲ, ಇನ್ನು ಸರ್ಕಾರದ ಕೆಲಸ ಏನು?"

ಸಮುದಾಯದ ಆರೋಗ್ಯ ಎಂಬ ಮಾತನ್ನು ಕೆಲವರು ಹೊಣೆ ಇಳಿಸಿಕೊಳ್ಳಲು ಬಳಸುತ್ತಾರೆ. ಮಹಾರಾಷ್ಟ್ರದ ಗಡ್‌ಚಿರೋಲಿಯ ಉದಾಹರಣೆಯನ್ನು ಇದಕ್ಕೇ ಎತ್ತಿ ತೋರಿಸುವುದುಂಟು. ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಅವರ ಸರ್ಚ್ ಸಂಸ್ಥೆ 39 ಹಳ್ಳಿಗಳಲ್ಲಿ ಊರಿನ ಹೆಂಗಸರಿಗೇ ಹಸುಗೂಸಿನ ಆರೈಕೆ ಕಲಿಸಿತು. 1999ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ನವಜಾತ ಶಿಶುಮರಣ ಪಕ್ಕದ ಹಳ್ಳಿಗಳಿಗೆ ಹೋಲಿಸಿದರೆ ಶೇಕಡಾ 62ರಷ್ಟು ಇಳಿದಿತ್ತು. ಆದರೆ ಆ ಹೆಂಗಸರ ಹಿಂದೆ ನಿಯಮಿತ ತರಬೇತಿ ಇತ್ತು, ಔಷಧ ಇತ್ತು, ಮತ್ತೆ ಮತ್ತೆ ಬಂದು ಕೆಲಸ ನೋಡುವವರಿದ್ದರು, ಕೈ ಮೀರಿದಾಗ ಕಳಿಸಲು ಆಸ್ಪತ್ರೆ ಇತ್ತು. ಅದನ್ನೆಲ್ಲ ಬಿಟ್ಟು "ಊರಿನವರೇ ಮಾಡಿದರು" ಎನ್ನುವುದು ಬೇರನ್ನು ಮರೆತು ಹೂವನ್ನಷ್ಟೇ ನೋಡಿದಂತೆ.

ಬ್ರಷ್ಷಿಗೆ, ಬಲೆಗೆ ಸಮಿತಿಯ ದುಡ್ಡು ಸರಿ. ಉಪಕೇಂದ್ರದಲ್ಲಿ ನರ್ಸು ಇಲ್ಲದ್ದನ್ನು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ಮುಗಿದದ್ದನ್ನು ಹತ್ತು ಸಾವಿರದಿಂದ ತುಂಬಿಸಲು ಹೊರಡಬಾರದು. ಅಲ್ಲಿ ಸಮಿತಿಯ ಕೆಲಸ ಕೇಳುವುದು. 2007ರಲ್ಲಿ ಒಂಬತ್ತು ರಾಜ್ಯಗಳಲ್ಲಿ ಆರೋಗ್ಯ ಸೇವೆಯ ಸಮುದಾಯ ಉಸ್ತುವಾರಿ ಪ್ರಯೋಗವಾಗಿ ಶುರುವಾದಾಗ ಕರ್ನಾಟಕವೂ ಅದರಲ್ಲಿತ್ತು. ಊರಿನವರೇ ಸೇವೆಗಳಿಗೆ ಹಸಿರು, ಹಳದಿ, ಕೆಂಪು ಬಣ್ಣ ಕೊಟ್ಟು, ಅದನ್ನು ಅಧಿಕಾರಿಗಳ ಎದುರು ಜನಸಂವಾದದಲ್ಲಿ ಇಡುವ ಕ್ರಮ ಅದು. ಸಮಿತಿಗೆ ಆ ಹಕ್ಕು ಇಂದಿಗೂ ಇದೆ.

ಆ ಊರಿನ ಸಮಿತಿ ಅವತ್ತು ಎರಡು ಠರಾವು ಬರೆಯಿತು. ಮೊದಲನೆಯದು ಬಲೆ ಮತ್ತು ಬ್ರಷ್ಷಿನದು. ಎರಡನೆಯದಕ್ಕೆ ದುಡ್ಡು ಬೇಕಿರಲಿಲ್ಲ. ಐದು ದಿನಕ್ಕೊಮ್ಮೆ ನೀರು ಬಿಡುವುದರಿಂದ ಮನೆಮನೆಯಲ್ಲೂ ನೀರು ತುಂಬಿಡಬೇಕಾಗಿದೆ, ಅದರಿಂದ ಡೆಂಗಿ ಹರಡುತ್ತಿದೆ, ಎರಡನೇ ಕೊಳವೆಬಾವಿಯ ಸುಟ್ಟ ಮೋಟರನ್ನು ಪಂಚಾಯಿತಿ ಕೂಡಲೇ ಸರಿಪಡಿಸಬೇಕು ಎಂದು ಅಂಗನವಾಡಿ ಟೀಚರ್ ದುಂಡಗಿನ ಅಕ್ಷರದಲ್ಲಿ ಬರೆದರು. ಹಾಜರಿದ್ದವರೆಲ್ಲ ಸಹಿ ಹಾಕಿದರು. ಪ್ರಶ್ನೆ ಕೇಳಿದ ಹೆಣ್ಣುಮಗಳು ಹೆಬ್ಬೆಟ್ಟು ಒತ್ತಿದರು. ನಕಲು ಪಿಡಿಒ ಅವರಿಗೆ, ಇನ್ನೊಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಹೋಯಿತು.

ಮುಂದಿನ ಸಭೆಯ ಹೊತ್ತಿಗೆ ನಾನು ಮತ್ತೆ ಹೋದಾಗ ಬೀದಿಯ ಹೆಚ್ಚಿನ ಡ್ರಮ್ಮುಗಳ ಬಾಯಿಗೆ ಬಟ್ಟೆ ಬಿಗಿದಿತ್ತು, ಮೋಟರು ಮಾತ್ರ ಇನ್ನೂ ಬಂದಿರಲಿಲ್ಲ. ನಡಾವಳಿ ಪುಸ್ತಕದಲ್ಲಿ ಆ ತಿಂಗಳ ಮೊದಲ ವಿಷಯ ಅದೇ ಆಗಿತ್ತು: ಕಳೆದ ತಿಂಗಳ ಅರ್ಜಿಗೆ ಪಂಚಾಯಿತಿಯಿಂದ ಉತ್ತರ ಬಂದಿಲ್ಲ, ಈ ಸಲ ಸಮಿತಿಯವರೆಲ್ಲ ಒಟ್ಟಿಗೆ ಹೋಗಿ ಕೇಳುವುದು, ಬುಧವಾರ ಬೆಳಗ್ಗೆ ಹತ್ತು ಗಂಟೆಗೆ ಬಸ್‌ಸ್ಟ್ಯಾಂಡಿನಲ್ಲಿ ಸೇರುವುದು.